ಅರ್ಧ ಕೆಜಿ ಕೇಕ್ ಅಲಂಕಾರ: ಕ್ರೀಮ್ ನಿಲ್ತಿಲ್ಲ, ಕನ್ನಡ ಅಕ್ಷರ ಕೂರ್ತಿಲ್ಲ

ಜಯನಗರ ಒಟಿಜಿ:

ನಾನು, ರಾಜಾಜಿನಗರದ ನನ್ನ ಗೆಳತಿ, ಇಬ್ಬರೂ ಸೇರಿ ವಾರದ ಕೊನೆಯಲ್ಲಿ ಕೇಕ್ ಅಲಂಕಾರ ಕಲೀತಿದ್ದೀವಿ. ಬೇಕಿಂಗ್ ಪರವಾಗಿಲ್ಲ: 6 ಇಂಚಿನ ಟಿನ್, ಕಂಡೆನ್ಸ್ಡ್ ಮಿಲ್ಕ್ ಹಾಕಿದ ಎಗ್‌ಲೆಸ್ ವೆನಿಲಾ ಸ್ಪಾಂಜ್, ಮುಗಿದ ಮೇಲೆ ಅರ್ಧ ಕೆಜಿ ಲೆಕ್ಕ. ತೊಂದರೆ ಇರೋದೆಲ್ಲ ಅದರ ಆಚೆಗೆ.

ಹ್ಯಾಂಡ್ ಬೀಟರ್ ಇದೆ, ಮನೆಯಲ್ಲಿ ಎಸಿ ಇಲ್ಲ. ಡೈರಿ ಅಲ್ಲದ ವಿಪ್ಪಿಂಗ್ ಕ್ರೀಮ್‌ನ ಒಂದು ಲೀಟರ್ ಪ್ಯಾಕ್ ತಂದಿದ್ದೀವಿ. ಗಟ್ಟಿಯಾಗಿ ಬಂದ ಕ್ರೀಮ್ ಅರ್ಧ ಗಂಟೆಗೆ ಸಡಿಲ ಆಗುತ್ತೆ. ಬದಿಗೆ ಹಚ್ಚುವಾಗ ಕೇಕ್ ಪುಡಿ ಕಿತ್ತು ಬಂದು ಬೆರೆಯುತ್ತೆ. ಗುಲಾಬಿ ಹಾಕಿದರೆ ಎಸಳಿನ ಅಂಚು ಹರಿದ ಹಾಗೆ ಕಾಣುತ್ತೆ. ಇನ್ನೂ ಎರಡು ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಗೋ 24 ನಾಝಲ್‌ಗಳ (ಕ್ರೀಮ್ ಹೂವು ಹಾಕೋ ಮೂತಿ) ಸೆಟ್ ತಗೋಬಹುದಾ? ಒಂದೇ ಕೇಕ್ ಮೇಲೆ ಇಬ್ಬರು ಕೆಲಸ ಹಂಚಿಕೊಳ್ಳೋದು ಹೇಗೆ?

ತಂಪು ಬಟ್ಟಲು:

ನಿಮ್ಮ ಮೂರು ತೊಂದರೆಗಳಲ್ಲಿ ಮೊದಲನೆಯದಕ್ಕೆ ಕಾರಣ ಕೈ ಅಲ್ಲ, ಬಿಸಿ. ಏಪ್ರಿಲ್ ಮಧ್ಯಾಹ್ನ ಹೊರಗೆ 34–35 ಡಿಗ್ರಿ ಇರುವಾಗ, ಒಲೆ ಉರಿದ ಅಡುಗೆಮನೆಯಲ್ಲಿ ಯಾವ ಕ್ರೀಮೂ ನಿಲ್ಲಲ್ಲ. ಸ್ಪಾಂಜ್ ಹಿಂದಿನ ದಿನ ಮಾಡಿಟ್ಟುಕೊಂಡು, ಅಲಂಕಾರ ಬೆಳಿಗ್ಗೆ ಏಳು–ಎಂಟರೊಳಗೆ ಮುಗಿಸಿ. ಫ್ಯಾನ್ ಕೇಕ್ ಮೇಲೆ ನೇರವಾಗಿ ಬೀಸಬಾರದು, ಕ್ರೀಮಿನ ಮೇಲ್ಮೈ ಒಣಗಿ ಒರಟಾಗುತ್ತೆ.

ಪ್ಯಾಕನ್ನು ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಭಾಗಕ್ಕೆ 24 ಗಂಟೆ ಮೊದಲೇ ಇಳಿಸಿ. ಅವಸರಕ್ಕೆ ನೀರಲ್ಲಿ ಮುಳುಗಿಸಿದರೆ ಹೊರಗೆ ಬೆಚ್ಚಗಾಗಿ ಒಳಗೆ ಐಸ್ ಉಳಿಯುತ್ತೆ. ಆ ಐಸ್ ಚೂರು ಬೀಟ್ ಆದ ಮೇಲೆ ಕರಗಿ ಕ್ರೀಮನ್ನು ನೀರಾಗಿಸುತ್ತೆ. ಪೂರ್ತಿ ಕರಗಿರಬೇಕು, ಆದರೆ ಮುಟ್ಟಿದರೆ ಬೆರಳು ಕೊರೆಯಬೇಕು. ಅಗಲವಾದ ಪಾತ್ರೆ ಬೇಡ. ಬೀಟರ್ ಕಡ್ಡಿಗಳು ಮುಳುಗುವಂಥ ಆಳದ ಸ್ಟೀಲ್ ಪಾತ್ರೆ ತಗೊಂಡು, ಕಡ್ಡಿಗಳ ಜೊತೆಗೇ 15–20 ನಿಮಿಷ ಫ್ರೀಜರ್‌ನಲ್ಲಿಡಿ. ಬೀಟ್ ಮಾಡುವಾಗ ಕೆಳಗೆ ಐಸ್ ನೀರಿನ ತಟ್ಟೆ.

6 ಇಂಚಿನ ಕೇಕ್‌ಗೆ 250 ಎಂಎಲ್ ದ್ರವ ಕ್ರೀಮ್ ಸಾಕು, ಒಳಪದರ, ಎರಡು ಕೋಟ್, ಅಂಚಿನ ಹೂವು ಎಲ್ಲ ಸೇರಿ. 4 ಇಂಚಿನ ಬೆಂಟೊ ಕೇಕ್‌ಗೆ 120–150. ಮೊದಲ ಎರಡು ನಿಮಿಷ ಕಡಿಮೆ ವೇಗ, ಆಮೇಲೆ ಮಧ್ಯಮ. ಗರಿಷ್ಠ ವೇಗದಲ್ಲಿ ದೊಡ್ಡ ಗುಳ್ಳೆ ಸೇರುತ್ತೆ, ಅದು ಹಚ್ಚುವಾಗ ತೂತಾಗಿ ಕಾಣುತ್ತೆ. ಕಡ್ಡಿ ಎತ್ತಿದಾಗ ಕ್ರೀಮಿನ ತುದಿ ಬಾಗುತ್ತಿದ್ದರೆ ನಿಲ್ಲಿಸಿ. ಪದರಕ್ಕೆ, ಕೋಟ್‌ಗೆ ಇದೇ ಹದ. ಅಷ್ಟನ್ನು ಬೇರೆ ತೆಗೆದಿಟ್ಟು, ಹೂವಿಗೆ ಬೇಕಾದ್ದನ್ನು ಮಾತ್ರ ಇನ್ನೂ 20–30 ಸೆಕೆಂಡ್ ಬೀಟ್ ಮಾಡಿದರೆ ತುದಿ ನೇರ ನಿಲ್ಲುತ್ತೆ. ಎಸಳು ಹರಿಯೋದು ಈ ಗಡಿ ದಾಟಿದಾಗ: ಕ್ರೀಮ್ ರವೆ ರವೆಯಾಗಿ ಹೊಳಪು ಕಳೆದುಕೊಂಡಿರುತ್ತೆ. ಎಸೆಯಬೇಡಿ. ಬೀಟ್ ಮಾಡದ ತಣ್ಣನೆ ಕ್ರೀಮ್ ಎರಡು–ಮೂರು ಚಮಚ ಹಾಕಿ ಸ್ಪ್ಯಾಚುಲಾದಲ್ಲಿ ಮೆಲ್ಲಗೆ ಮಗುಚಿ, ನುಣುಪು ವಾಪಸ್ ಬರುತ್ತೆ. ಬಿಸಿಗೆ ಸಡಿಲಾದ ಕ್ರೀಮ್ ಮಾತ್ರ ಬೇರೆ ಕಥೆ. ಅದನ್ನು ಪಾತ್ರೆ ಸಮೇತ ಫ್ರಿಜ್‌ನಲ್ಲಿ 20 ನಿಮಿಷ ಇಟ್ಟು ಸ್ವಲ್ಪ ಹೊತ್ತು ಬೀಟ್ ಮಾಡಬೇಕು, ಚಮಚ ಚಮಚ ದ್ರವ ಸುರಿದರೆ ಇನ್ನಷ್ಟು ಹರಿಯುತ್ತೆ.

ಅಂಗಡಿಯ ಫ್ರೆಶ್ ಕ್ರೀಮ್ ಬದಲಿಗೆ ಆಗಲ್ಲ. ಅದರಲ್ಲಿ ಕೊಬ್ಬು ಶೇ. 25 ಮಾತ್ರ, ಹಾಲಿನ ಕ್ರೀಮಿನಲ್ಲಿ ಹೂವು ನಿಲ್ಲಬೇಕಾದರೆ ಶೇ. 35ರ ಆಸುಪಾಸಾದರೂ ಇರಬೇಕು. ಗನಾಷ್‌ಗೆ (ಚಾಕೊಲೇಟ್, ಕ್ರೀಮ್ ಸೇರಿಸಿ ಮಾಡೋದು) ಇಟ್ಟುಕೊಳ್ಳಿ.

ಪೂರ್ತಿ ಕರಗಿದ ಪ್ಯಾಕನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಒಂದು ಲೀಟರ್ ಅಂದರೆ ನಾಲ್ಕು ಅರ್ಧ ಕೆಜಿ ಕೇಕ್. ಒಬ್ಬರೇ ಕಲಿಯುವವರಿಗೆ ಅದು ವ್ಯರ್ಥ, ಇಬ್ಬರಿದ್ದರೆ ಒಂದೇ ವಾರಾಂತ್ಯಕ್ಕೆ ಸರಿಹೋಗುತ್ತೆ.

ಸ್ಕ್ರೇಪರ್ ಹಿಡಿದ ಕೈ:

ಪುಡಿ ಏಳೋದಕ್ಕೆ ಉತ್ತರ ಸ್ಪಾಂಜ್‌ನಲ್ಲೇ ಇದೆ. ಕಂಡೆನ್ಸ್ಡ್ ಮಿಲ್ಕ್ ಸ್ಪಾಂಜ್ ಅವತ್ತೇ ಕತ್ತರಿಸಿದರೆ ಉದುರುತ್ತೆ. ಪೂರ್ತಿ ಆರಿಸಿ, ಕ್ಲಿಂಗ್ ಫಿಲ್ಮ್ ಸುತ್ತಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬ್ರೆಡ್ ಚಾಕುವಿನಲ್ಲಿ ಕತ್ತರಿಸಿ. ಮೇಲಿನ ಗುಮ್ಮಟ ತೆಗೆದು, ಒಂದೂವರೆ ಸೆಂಟಿಮೀಟರ್ ದಪ್ಪದ ಮೂರು ಪದರ. ಚಾಕು ಒತ್ತಬೇಡಿ, ಟರ್ನ್‌ಟೇಬಲ್ (ಕೇಕ್ ಇಡುವ ತಿರುಗುವ ಪೀಠ) ತಿರುಗಿಸುತ್ತಾ ಸುತ್ತಲೂ ಗೀರು ಎಳೆದು ಆಮೇಲೆ ಒಳಗೆ ಹೋಗಿ. ತಳದ ಪದರವನ್ನೇ ತಲೆಕೆಳಗು ಮಾಡಿ ಮೇಲಿಟ್ಟರೆ ಅಂಚು ಚೂಪಾಗಿ ಸಿಗುತ್ತೆ.

ಪ್ರತಿ ಪದರಕ್ಕೆ 20–25 ಎಂಎಲ್ ಸಕ್ಕರೆ ನೀರು (ಸಕ್ಕರೆ ಒಂದು ಪಾಲು, ನೀರು ಮೂರು ಪಾಲು, ಕುದಿಸಿ ಆರಿಸಿದ್ದು). ಅಂಚಿನ ಅರ್ಧ ಇಂಚು ಬಿಟ್ಟು ಹಾಕಿ. ಅಂಚು ತೊಯ್ದರೆ ಕೋಟ್ ಜಾರುತ್ತೆ.

ಮೊದಲ ಕೋಟ್ ಎಷ್ಟು ತೆಳು ಅಂದರೆ ಸ್ಪಾಂಜ್ ಬಣ್ಣ ಕಾಣಬೇಕು. ಅದರ ಕೆಲಸ ಪುಡಿಯನ್ನು ಕಟ್ಟಿಹಾಕೋದು ಅಷ್ಟೇ. ಆ ಕ್ರೀಮಿಗೆ ಬೇರೆ ಬಟ್ಟಲು ಇಟ್ಟುಕೊಳ್ಳಿ. ಪುಡಿ ಅಂಟಿದ ಪ್ಯಾಲೆಟ್ ನೈಫ್ ಮುಖ್ಯ ಬಟ್ಟಲಿಗೆ ಇಳಿದರೆ ಆಮೇಲೆ ಹೂವಿನ ನಾಝಲೂ ಕಟ್ಟುತ್ತೆ, ಎಸಳು ಹರಿಯೋಕೆ ಅದೂ ಒಂದು ಕಾರಣ. 20–30 ನಿಮಿಷ ಫ್ರಿಜ್. ಆಮೇಲೆ ಎರಡನೇ ಕೋಟನ್ನು ಬೇಕಾದ್ದಕ್ಕಿಂತ ಧಾರಾಳವಾಗಿ ಹಾಕಿ, ಸ್ಕ್ರೇಪರ್‌ನಲ್ಲಿ (ಕ್ರೀಮ್ ಕೆರೆಯುವ ಚಪ್ಪಟೆ ಪಟ್ಟಿ) ತೆಗೆಯುತ್ತಾ ಬನ್ನಿ. ಸ್ಕ್ರೇಪರ್‌ನ ಕೆಳ ಅಂಚು ಬೋರ್ಡಿಗೆ ತಾಗಿರಬೇಕು, ನೆಟ್ಟಗಿರಬೇಕು, ಮುಖ ನಿಮ್ಮ ಕಡೆಗೆ ಅರ್ಧ ತಿರುಗಿರಬೇಕು. ಕೈ ಅಲುಗಬಾರದು, ತಿರುಗಬೇಕಾದ್ದು ಟೇಬಲ್. ಮೇಲೆ ಎದ್ದ ಏಣನ್ನು ಹೊರಗಿನಿಂದ ಮಧ್ಯಕ್ಕೆ ಎಳೆಯಿರಿ, ಪ್ರತಿ ಸಲ ಚಾಕು ಒರೆಸಿ.

ಅದಕ್ಕೇ ಒಬ್ಬರು ಟೇಬಲ್ ತಿರುಗಿಸಿ ಇನ್ನೊಬ್ಬರು ಸ್ಕ್ರೇಪರ್ ಹಿಡಿಯೋದು ನಡೆಯಲ್ಲ. ಎರಡು ಕೈಯ ವೇಗ ಒಂದೇ ತಲೆಗೆ ಗೊತ್ತಿರಬೇಕು. ಒಂದು ಕೇಕ್ ಹಂಚಿಕೊಳ್ಳುವ ಬದಲು ತಲಾ ಒಂದು 4 ಇಂಚಿನ ಕೇಕ್ ಮಾಡಿ, ಹಂಚಿಕೊಳ್ಳೋದು ಕ್ರೀಮನ್ನು. ಒಬ್ಬರ ಕೇಕ್ ಫ್ರಿಜ್‌ನಲ್ಲಿರುವಾಗ ಇನ್ನೊಬ್ಬರದು ಟೇಬಲ್ ಮೇಲೆ, ಟರ್ನ್‌ಟೇಬಲೂ ಒಂದೇ ಸಾಕು. ಸುಮ್ಮನಿರುವವರು ಬಣ್ಣ ಕಲಸಲಿ, ನಾಝಲ್ ಹಾಕಿದ ಪೈಪಿಂಗ್ ಬ್ಯಾಗಿಗೆ ಕ್ರೀಮ್ ತುಂಬಲಿ.

ಬೆಣ್ಣೆ ಪಕ್ಷ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಎಸಿ ಇಲ್ಲದ ಮನೆಯಲ್ಲಿ ಕೈ ಪಳಗಿಸೋಕೆ ವಿಪ್ಪಿಂಗ್ ಕ್ರೀಮ್ ಆರಿಸಿಕೊಂಡಿದ್ದೇ ಕಷ್ಟದ ದಾರಿ ಅನ್ನೋದು ನನ್ನ ಅಭಿಪ್ರಾಯ. ಬಟರ್‌ಕ್ರೀಮ್ ತಪ್ಪಾದರೆ ಕೆರೆದು ಮತ್ತೆ ಹಾಕಬಹುದು, ಎಷ್ಟು ಸಲ ಬೇಕಾದರೂ. 6 ಇಂಚಿನ ಕೇಕ್‌ಗೆ ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಜರಡಿ ಹಿಡಿದ ಐಸಿಂಗ್ ಶುಗರ್ 300 ಗ್ರಾಂ, ಹಾಲು ಎರಡು–ಮೂರು ಟೀ ಚಮಚ. ಬೆಣ್ಣೆ ಬೆರಳಿಟ್ಟರೆ ಕುಳಿ ಬೀಳಬೇಕು, ಎಣ್ಣೆ ಹೊಳೆಯಬಾರದು. ಮೊದಲು ಬೆಣ್ಣೆಯೊಂದನ್ನೇ ಐದು ನಿಮಿಷ ಬೀಟ್ ಮಾಡಿ ಬೆಳ್ಳಗಾಗಿಸಿ, ಆಮೇಲೆ ಸಕ್ಕರೆ ಮೂರು ಕಂತಿನಲ್ಲಿ. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಹಾಕಿದರೆ ನಾಲಿಗೆಗೆ ಮರಳು ಸಿಗುತ್ತೆ. ಸಿಹಿ ಜಾಸ್ತಿ ಅನ್ನೋದು ನಿಜ. ಫ್ರಿಜ್‌ನಿಂದ ತೆಗೆದು ಮುಕ್ಕಾಲು ಗಂಟೆ ಬಿಟ್ಟು ತಿನ್ನಿ, ಇಲ್ಲದಿದ್ದರೆ ಬೆಣ್ಣೆ ಕಚ್ಚಿದ ಹಾಗಿರುತ್ತೆ.

ಬರೀ ಅಭ್ಯಾಸಕ್ಕಾದರೆ ಬೆಣ್ಣೆಯೂ ಬೇಡ. ಬೇಯಿಸಿ, ಜರಡಿಯಲ್ಲಿ ಒತ್ತಿ, ಹಾಲು ಹಾಕಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದ ಆಲೂಗಡ್ಡೆಯನ್ನು ಬ್ಯಾಗಿಗೆ ತುಂಬಿ, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಹೂವು ಹಾಕಿ. ಗಂಟು ಉಳಿದರೆ ನಾಝಲ್ ಕಟ್ಟುತ್ತೆ, ಅಷ್ಟೇ ಎಚ್ಚರ. ಸಂಜೆ ಅದೇ ಪಲ್ಯ.

24ರ ಸೆಟ್ ಬೇಡ. ಅದರ ಬಾಯಿಗಳು ಬಹಳ ಸಣ್ಣವು, ತೆಳು ತಗಡು, ಬೆಸುಗೆಯ ಜಾಗದಲ್ಲಿ ತುಕ್ಕು. ಬಿಡಿಯಾಗಿ ಐದು ತಗೊಳ್ಳಿ: ಗುಲಾಬಿ ಸುರುಳಿಗೆ 1ಎಂ, 4 ಇಂಚಿನ ಕೇಕ್‌ನ ಅಂಚಿಗೆ 21ನೇ ನಂಬರ್ ಸ್ಟಾರ್, ಬರೆಯೋಕೆ 3, ಎಸಳಿಗೆ 104, ಎಲೆಗೆ 352. ಸ್ಟಾರ್ ನಾಝಲ್‌ನ ಹಲ್ಲು ಒಂದು ಬಾಗಿದ್ದರೂ ಹೂವಿನ ಒಂದು ಗೆರೆ ಹರಿದೇ ಬರುತ್ತೆ, ಅಂಗಡಿಯಲ್ಲೇ ಬೆಳಕಿಗೆ ಹಿಡಿದು ನೋಡಿ.

1ಎಂ ಸುರುಳಿಗೆ ಬ್ಯಾಗ್ ನೆಟ್ಟಗೆ, ಕೇಕ್‌ನಿಂದ ಒಂದು ಸೆಂಟಿಮೀಟರ್ ಮೇಲೆ. ಮಧ್ಯದಲ್ಲಿ ಒತ್ತಿ, ಒಂದು ಸುತ್ತು, ಒತ್ತೋದು ನಿಲ್ಲಿಸಿ, ಆಮೇಲೆ ಪಕ್ಕಕ್ಕೆ ಎಳೆಯಿರಿ. ಒತ್ತುತ್ತಲೇ ಎತ್ತಿದರೆ ಬಾಲ ಉಳಿಯುತ್ತೆ. 6 ಇಂಚಿಗೆ ಎಂಟು ಸುರುಳಿ: ಮೊದಲು ಗಡಿಯಾರದ 12, 3, 6, 9, ನಂತರ ನಡುವೆ ಒಂದೊಂದು. ಕತ್ತರಿಸುವಾಗಲೂ ತುಂಡಿಗೊಂದು ಹೂವು. ಬ್ಯಾಗ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಅಂಗೈ ಬಿಸಿಗೆ ಕೊನೆಯ ಭಾಗ ಕರಗಿರುತ್ತೆ.

ಬಣ್ಣ ಜೆಲ್ ಆಗಿರಲಿ, ಟೂತ್‌ಪಿಕ್ ತುದಿಯಷ್ಟು. ಹತ್ತು ನಿಮಿಷದಲ್ಲಿ ತಾನೇ ಗಾಢವಾಗುತ್ತೆ. ಕಡುಗೆಂಪು, ಕಪ್ಪು ಬೇಕು ಅಂತ ಸುರಿದರೆ ಕಹಿ. ಕಪ್ಪಿಗೆ ಕೋಕೋ ಹಾಕಿದ ಕ್ರೀಮಿನಿಂದ ಶುರು ಮಾಡಿ.

ಜಯನಗರ ಒಟಿಜಿ:

ತುಂಬಾ ಉಪಕಾರ ಆಯ್ತು, ತಲಾ ಒಂದು ಸಣ್ಣ ಕೇಕೇ ಮಾಡ್ತೀವಿ. ಇನ್ನೊಂದು. ಅಜ್ಜಿಯ ಹುಟ್ಟುಹಬ್ಬಕ್ಕೆ 6 ಇಂಚಿನ ಕೇಕ್ ಮೇಲೆ ಕನ್ನಡದಲ್ಲೇ ಬರೀಬೇಕು. ಒತ್ತಕ್ಷರ ಎಲ್ಲ ಅಂಟಿಕೊಂಡು ಮುದ್ದೆ ಆಗ್ತಿದೆ. ಪಕ್ಕದಲ್ಲಿ ಹೂವು ಇಡೋ ಆಸೆಯೂ ಇದೆ. ಮುಗಿದ ಕೇಕನ್ನ ರಾಜಾಜಿನಗರದಿಂದ ಜಯನಗರಕ್ಕೆ ತರಬೇಕು.

ತಂಪು ಬಟ್ಟಲು:

ಹೂವಿನ ಬಗ್ಗೆ ಮೊದಲು. ಕೆ.ಆರ್. ಮಾರುಕಟ್ಟೆಯ ಗುಲಾಬಿ, ಸೇವಂತಿಗೆ ತಿನ್ನೋಕೆ ಬೆಳೆದದ್ದಲ್ಲ, ಔಷಧಿ ಹೊಡೆದಿರುತ್ತಾರೆ. ಕಾಂಡವನ್ನು ಕ್ರೀಮಿಗೆ ಚುಚ್ಚಬೇಡಿ. ಅಂಗಳದ ಕಣಗಿಲೆ ಅಂತೂ ವಿಷ, ಹತ್ತಿರವೂ ಬೇಡ. ಅಜ್ಜಿಗೆ ಹೂವು ಬೇಕೇ ಬೇಕಾದರೆ ತಟ್ಟೆಯ ಆಚೆ ಇಡಿ, ಕೇಕ್ ಮೇಲೆ ಕ್ರೀಮಿನ ಹೂವೇ ಇರಲಿ.

ಸಾಗಿಸೋಕೆ: ಬೋರ್ಡ್ ಮೇಲೆ ಒಂದು ಚಮಚ ಕ್ರೀಮ್ ಹಚ್ಚಿ ಕೇಕ್ ಕೂರಿಸಿರಬೇಕು, ಇಲ್ಲದಿದ್ದರೆ ಜಾರುತ್ತೆ. ನಾಲ್ಕು ಗಂಟೆ ಫ್ರಿಜ್, ಆಮೇಲೆ ಹೂವಿಗಿಂತ ಒಂದಿಂಚು ಎತ್ತರದ ಡಬ್ಬ. ಆಟೋದಲ್ಲಿ ಪ್ರತಿ ಹಂಪ್‌ಗೂ ಕೇಕ್ ಎಗರುತ್ತೆ. ನಿಮಗೆ ಹಸಿರು ಮಾರ್ಗದ ಮೆಟ್ರೋ ರಾಜಾಜಿನಗರದಿಂದ ಜಯನಗರಕ್ಕೆ ನೇರ ಇದೆ, ಒಳಗೆ ತಂಪು ಬೇರೆ. ಕಾರಾದರೆ ಸೀಟಿನ ಮೇಲೆ, ತೊಡೆಯ ಮೇಲೆ ಬೇಡ, ಎರಡೂ ಓರೆ. ಕಾಲಿಡುವ ಜಾಗದಲ್ಲಿ ಸಮತಟ್ಟಾಗಿ ಇಡಿ.

ಪಾಕದ ಕೋನ್:

ಅಕ್ಷರಕ್ಕೆ ಮೊದಲು ಅಳತೆ. 6 ಇಂಚು ಅಂದರೆ 15 ಸೆಂಟಿಮೀಟರ್, ಎರಡೂ ಕಡೆ ಅಂಚಿನ ಹೂವಿಗೆ ಎರಡೆರಡು ಬಿಟ್ಟರೆ ಉಳಿಯೋದು 11. ಕನ್ನಡ ಅಕ್ಷರ ಒಂದೂವರೆ ಸೆಂಟಿಮೀಟರ್‌ಗಿಂತ ಸಣ್ಣದಾದರೆ ಒಳಗಿನ ಸುಳಿ ತುಂಬಿ ಮುಚ್ಚಿಹೋಗುತ್ತೆ. ಅಂದರೆ ಸಾಲಿಗೆ ಆರು–ಏಳು ಅಕ್ಷರ, ಕೊಂಬು, ದೀರ್ಘ ಬಂದರೆ ಇನ್ನೂ ಕಡಿಮೆ. ‘ಹುಟ್ಟುಹಬ್ಬದ ಶುಭಾಶಯಗಳು’ ಈ ಜಾಗಕ್ಕೆ ಒಗ್ಗಲ್ಲ: ಮೊದಲ ಸಾಲಿನ ಎರಡು ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತೆ. ‘ಜನ್ಮದಿನ’ದಲ್ಲೂ ಒಂದು ಒತ್ತು ಇದೆ. ‘ಶುಭಾಶಯ’ದಲ್ಲಿ ಒತ್ತೇ ಇಲ್ಲ, ನಾಲ್ಕೇ ಅಕ್ಷರ. ಮೇಲೆ ಅದು, ಕೆಳಗೆ ‘ಅಜ್ಜಿ’. ಒತ್ತು ಇರುವ ಪದ ಯಾವಾಗಲೂ ಕೊನೆಯ ಸಾಲಿನಲ್ಲಿರಲಿ, ಕೆಳಗೆ ಒಂದು ಸೆಂಟಿಮೀಟರ್ ಖಾಲಿ ಬಿಡಿ.

ವಿಪ್ಪಿಂಗ್ ಕ್ರೀಮಿನಲ್ಲಿ ಬರೆಯಬೇಡಿ, ಗೆರೆ ದಪ್ಪ ಬರುತ್ತೆ. ಕೇಕ್ ಮೇಲೆ ನೇರ ಬರೆಯೋಕಿಂತ ಚಾಕೊಲೇಟ್ ಬಿಲ್ಲೆ ಮಾಡಿಕೊಳ್ಳಿ, ತಪ್ಪಾದರೆ ಕೇಕ್ ಕೆಡಲ್ಲ. ನಿಮ್ಮಿಬ್ಬರಲ್ಲಿ ಕೈಬರಹ ಚೆನ್ನಾಗಿರುವವರು ಇದನ್ನು ಹಿಂದಿನ ದಿನವೇ ಮುಗಿಸಿಡಬಹುದು. 100 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟ್ ಅನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ಒಂದು ಹನಿ ನೀರು, ಆವಿ ಬಿದ್ದರೂ ಗಂಟುಗಟ್ಟುತ್ತೆ. ಬಟರ್ ಪೇಪರ್ ಮೇಲೆ 3 ಮಿಲಿಮೀಟರ್ ದಪ್ಪಕ್ಕೆ ಹರಡಿ, ಅರೆಬರೆ ಗಟ್ಟಿಯಾದಾಗ 9–10 ಸೆಂಟಿಮೀಟರ್ ಅಗಲದ ಡಬ್ಬದ ಬಾಯಿ ಒತ್ತಿ ಗುರುತು ಮಾಡಿ, ಫ್ರಿಜ್‌ನಲ್ಲಿ 10 ನಿಮಿಷ. ಎಬ್ಬಿಸಿದ ಮೇಲೆ ಹೊರಗಿಟ್ಟು ತಣುಪು ಹೋಗಲಿ. ತಣ್ಣಗಿನ ಬಿಲ್ಲೆಯ ಮೇಲೆ ಬೆವರು ಕೂತು ಬರಹ ಕಿತ್ತು ಬರುತ್ತೆ.

ಬರೆಯೋಕೆ ಕರಗಿಸಿದ ವೈಟ್ ಕಾಂಪೌಂಡ್, ಬಟರ್ ಪೇಪರ್ ಕೋನ್, ತುದಿ ಒಂದೂವರೆ ಮಿಲಿಮೀಟರ್ ಕತ್ತರಿಸಿದ್ದು. ಟೂತ್‌ಪಿಕ್‌ನಲ್ಲಿ ಮೊದಲು ಅಕ್ಷರ ಗೀಚಿಕೊಳ್ಳಿ. ಕೋನ್ ತುದಿಯನ್ನು ಬಿಲ್ಲೆಗೆ ಉಜ್ಜಬಾರದು, ಅರ್ಧ ಸೆಂಟಿಮೀಟರ್ ಮೇಲಿಂದ ದಾರ ಇಳಿಬಿಟ್ಟ ಹಾಗೆ ಬಿಡಬೇಕು. ದುಂಡಕ್ಷರಕ್ಕೆ ಇದು ಹೇಳಿ ಮಾಡಿಸಿದ ವಿಧಾನ, ತಿರುವುಗಳು ತಾವೇ ನುಣುಪಾಗಿ ಬೀಳುತ್ತವೆ. ಮೊದಲು ಎಲ್ಲ ಅಕ್ಷರಗಳ ಮೈ, ಅದು ಗಟ್ಟಿಯಾದ ಮೇಲೆ ತಲೆಕಟ್ಟು, ಕೊನೆಗೆ ಒತ್ತು ಮತ್ತು ‘ಭ’ದ ಕೆಳಗಿನ ಸೀಳು. ಒಂದೇ ಸಲಕ್ಕೆ ಬರೆದರೆ ಹಸಿ ಗೆರೆಗಳು ಸೇರಿಕೊಂಡು ಸೀಳು ಮುಚ್ಚಿ, ಅಜ್ಜಿಗೆ ‘ಶುಬಾಶಯ’ ತಲುಪುತ್ತೆ. ಹಳೇ ಕಾಲದ ಮೇಷ್ಟ್ರಾಗಿದ್ದರೆ ಕೇಕ್ ಮುಟ್ಟೋ ಮೊದಲು ಅದನ್ನೇ ತಿದ್ದಿಸುತ್ತಾರೆ.

ಬಿಲ್ಲೆಯನ್ನು ಮೆಟ್ರೋದಲ್ಲಿ ಕೇಕ್ ಮೇಲೆ ತರಬೇಡಿ. ಬೇರೆ ಡಬ್ಬದಲ್ಲಿ ತಂದು, ಜಯನಗರದಲ್ಲಿ ಹಿಂದೆ ಒಂದು ಚುಕ್ಕೆ ಕ್ರೀಮ್ ಇಟ್ಟು ಅಂಟಿಸಿ.