ಸಹಾಯ ಬೇಕು: ಮಗಳ ಜೀವನಾಂಶ ಬಾಕಿ, ವಾರಂಟ್ ಬರಬಹುದು

ಮಂಡ್ಯ ಹತ್ತಿರದ ಹಳ್ಳಿಯವನು. ಮಗಳಿಗೆ ತಿಂಗಳಿಗೆ 6,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೋರ್ಟ್ ಆದೇಶ ಇದೆ. ಕಬ್ಬಿನ ಬಿಲ್ ಇನ್ನೂ ಬಂದಿಲ್ಲ, ಹಾಲಿನ ದುಡ್ಡು ಸಾಲಕ್ಕೇ ಮುರಿದುಹೋಗುತ್ತದೆ. ಬಾಕಿ ಬೆಳೆದು ಈಗ ವಸೂಲಿ ನೋಟಿಸ್ ಬಂದಿದೆ. ಕೈಯಲ್ಲಿರುವುದು ಕಾರ್ಖಾನೆಯ ತೂಕದ ಚೀಟಿಗಳು ಮಾತ್ರ.

ಒಂದು ತಿಂಗಳು ಒಳಗಿದ್ದು ಬಂದರೆ ಬಾಕಿ ಚುಕ್ತಾ ಅಂತ ಟೀ ಅಂಗಡಿ ಲಾಯರ್‌ಗಳು ಹೇಳುತ್ತಾರೆ. ಸುಮ್ನೆ ಮಾತು. ಜೈಲಿಗೆ ಹೋದರೂ ಬಾಕಿ ತೀರಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ.

ಮೊತ್ತ ಇಳಿಸಲು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾಯ್ದೆ) ಸೆಕ್ಷನ್ 146ರಡಿ ಅರ್ಜಿ ಹಾಕಿದ್ದೇನೆ. ಅದರಿಂದ ಹಳೇ ಬಾಕಿ ಕರಗಲ್ಲ ಅನ್ನುತ್ತಾರೆ ನಮ್ಮ ವಕೀಲರು. ನಾನು ಸಿಕ್ಕಿಕೊಂಡಿರುವುದು ಇಲ್ಲೇ.

ವಾಯಿದೆ ದಿನ ಸ್ವಲ್ಪ ಕಟ್ಟಿ, ಉಳಿದದ್ದಕ್ಕೆ ಕಂತು ಕೇಳಿದರೆ ವಾರಂಟ್ ತಡೆಹಿಡಿಯುತ್ತಾರಾ? ಕಬ್ಬಿನ ಬಿಲ್ ಬಂದಿಲ್ಲ ಅಂತ ತೋರಿಸಲು ತೂಕದ ಚೀಟಿ ಸಾಕಾ, ಬೇರೆ ದಾಖಲೆ ಬೇಕಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.