ಹೊಸ ರೋಡ್ ಬೈಕ್: 25 ಕಿ.ಮೀ. ದಾಟಿದರೆ ಮಂಡಿಯ ಮುಂಭಾಗ ನೋವು

ಪ್ರಶ್ನೆ (ಹೊಸ_ಸವಾರ):
ರೋಡ್ ಬೈಕ್ ತಗೊಂಡು ಎರಡು ತಿಂಗಳು. ವಾರಕ್ಕೆ 90 ಕಿ.ಮೀ. ಇದ್ದದ್ದು, ನಂದಿ ಬೆಟ್ಟ ಸೇರಿಸಿದ ವಾರ 150 ಆಯ್ತು. ಆಮೇಲಿಂದ 25 ಕಿ.ಮೀ. ದಾಟಿದರೆ ಬಲ ಮಂಡಿಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಇನ್ನೂ ಜಾಸ್ತಿ. ಊತ ಇಲ್ಲ. ಕಾಲಿನ ಒಳ ಅಳತೆ 80 ಸೆಂ.ಮೀ., ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ 67 ಸೆಂ.ಮೀ. ಗೇರಿನ ಹಲ್ಲು ಮುಂದೆ 50/34, ಹಿಂದೆ 11-28. ಏರಿನಲ್ಲಿ ಪೆಡಲ್ ನಿಮಿಷಕ್ಕೆ 55-60 ಸುತ್ತು ಬರುತ್ತೆ. ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಪೆಡಲ್ (ಬೂಟು ಸಿಕ್ಕಿಸುವಂಥದ್ದು), ಕೆಂಪು ಕ್ಲೀಟ್ (ಬೂಟಿನ ಅಡಿಯಲ್ಲಿ ಪೆಡಲಿಗೆ ಸಿಕ್ಕುವ ತುಂಡು). ಎಲ್ಲಿಂದ ಶುರು ಮಾಡಲಿ?

ಕಡ್ಡಿಚಕ್ರ:
ಸೀಟಿನಿಂದಲೇ. ಒಳ ಅಳತೆಯನ್ನು 0.883ರಿಂದ ಗುಣಿಸಿದರೆ ಸೀಟಿನ ಎತ್ತರ 70.6 ಸೆಂ.ಮೀ. ಬರುತ್ತೆ. ನಿಮ್ಮ ಸೀಟು ಮೂರೂವರೆ ಸೆಂ.ಮೀ. ತಗ್ಗಿದೆ. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚುತ್ತೆ, ಆ ಮಡಚಿದ ಸ್ಥಿತಿಯಲ್ಲೇ ಬಲ ಹಾಕಿ ತುಳಿಯಬೇಕು, ಚಿಪ್ಪು ತೊಡೆಮೂಳೆಗೆ ಒತ್ತುತ್ತೆ. ಮುಂಭಾಗದ ನೋವಿಗೆ ಇದು ಬಹಳ ಸಾಮಾನ್ಯ ಕಾರಣ.

ಮೊದಲು ಒಳ ಅಳತೆ ಸರಿ ಇದೆಯಾ ನೋಡಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಸೀಟಿನಷ್ಟೇ ಗಟ್ಟಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಬೇಕು. ಪ್ಯಾಂಟಿನ ಅಳತೆ ಇಲ್ಲಿ ಲೆಕ್ಕಕ್ಕೆ ಬರಲ್ಲ.

ಏರುದಾರಿ:
ಮೇಲಿನದು ಸರಿ, ಆದರೆ 70.6ಕ್ಕೆ ಒಂದೇ ದಿನ ಏರಿಸಬೇಡಿ. ಆ ಸೂತ್ರಕ್ಕೆ ಕ್ರ್ಯಾಂಕಿನ ಉದ್ದವಾಗಲಿ ಬೂಟಿನ ಅಟ್ಟೆಯ ದಪ್ಪವಾಗಲಿ ಗೊತ್ತಿಲ್ಲ. ಅದನ್ನು ಮೇಲಿನ ಮಿತಿ ಅಂದುಕೊಳ್ಳಿ. ಒಂದು ಸಲಕ್ಕೆ 5 ಮಿ.ಮೀ., ಎರಡು-ಮೂರು ಸವಾರಿ, ಮತ್ತೆ 5. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. ಮಂಡಿಯ ಹಿಂದೆ ಸೆಳೆತ ಬಂತೋ, ಜಾಸ್ತಿ ಆಯ್ತು ಅಂತ. 3 ಮಿ.ಮೀ. ಇಳಿಸಿ.

ಬಹಳ ಜನ ಮರೆಯುವ ವಿಷಯ: ಸೀಟ್ ಟ್ಯೂಬ್ (ಸೀಟಿನ ಕಂಬಿ ಇಳಿಯುವ ಫ್ರೇಮಿನ ಕೊಳವೆ) ಓರೆಯಾಗಿರೋದರಿಂದ (ಸುಮಾರು 73 ಡಿಗ್ರಿ) 35 ಮಿ.ಮೀ. ಏರಿಸಿದರೆ ಸೀಟು 10 ಮಿ.ಮೀ. ಹಿಂದಕ್ಕೂ ಹೋಗುತ್ತೆ. ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ನಿಲ್ಲಿಸಿ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ದಾರಕ್ಕೆ ತೂಕ ಕಟ್ಟಿ ಇಳಿಬಿಡಿ. ಅದು ಪೆಡಲ್ ಆಕ್ಸಲ್ (ಪೆಡಲ್ ತಿರುಗುವ ಕಂಬಿ) ಹತ್ತಿರ ಬಿದ್ದರೆ ಸಾಕು, ಶುರುವಿಗೆ ಅಷ್ಟೇ ನಿಖರತೆ ಬೇಕಾಗಿರೋದು. ಸೀಟನ್ನು ಮುಂದೆ ತಳ್ಳಿದರೆ ಎತ್ತರ ಮತ್ತೆ ತುಸು ಕಮ್ಮಿಯಾದ ಹಾಗೆ, ಇನ್ನೊಮ್ಮೆ ಅಳೆಯಿರಿ. ಹಳೇ ಎತ್ತರಕ್ಕೆ ಸೀಟ್‌ಪೋಸ್ಟ್ ಮೇಲೆ ಟೇಪ್ ಸುತ್ತಿಡಿ.

ಇನ್ನು ಗೇರ್. 34/28ರಲ್ಲಿ (ಮುಂದೆ 34, ಹಿಂದೆ 28 ಹಲ್ಲು) ಪೆಡಲಿನ ಒಂದು ಸುತ್ತಿಗೆ ಬೈಕ್ ಮುಂದೆ ಹೋಗೋದು ಸುಮಾರು 2.55 ಮೀ. ನಿಮಿಷಕ್ಕೆ 60 ಸುತ್ತು ಅಂದರೆ ಗಂಟೆಗೆ 9 ಕಿ.ಮೀ. ಚಿಲ್ಲರೆ. ಅದೇ ವೇಗಕ್ಕೆ 34/34ರಲ್ಲಿ 73 ಸುತ್ತು ಬರುತ್ತೆ, ಪ್ರತಿ ತುಳಿತದ ಬಲ ಸುಮಾರು ಶೇ. 18ರಷ್ಟು ಕಮ್ಮಿ. ನಂದಿಯ ಕೊನೆಯ ಕಡಿದಾದ ಭಾಗದಲ್ಲಿ ಅದೇ ಮಂಡಿ ಉಳಿಸೋದು. 11-34 ಹಾಕಿಸುವ ಮುಂಚೆ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಉದ್ದ ಕೇಜಿನದ್ದೇ (ಕೇಜ್ ಅಂದರೆ ಅದರಿಂದ ಕೆಳಗೆ ಇಳಿಬಿದ್ದ, ಚೈನ್ ಹಿಡಿಯುವ ತೋಳು) ಅಂತ ಕೇಳಿ. ಚಿಕ್ಕ ಕೇಜಿಗೆ ಸಾಮಾನ್ಯವಾಗಿ 28 ಅಥವಾ 30 ಹಲ್ಲೇ ಮಿತಿ. ಚೈನೂ ಉದ್ದದ್ದು ಬೇಕಾಗುತ್ತೆ. ಸಮತಟ್ಟಲ್ಲಿ 80-90 ಸುತ್ತು ರೂಢಿಸಿಕೊಳ್ಳಿ.

ಹೊಸ_ಸವಾರ:
ಕ್ಲೀಟ್ ಬಗ್ಗೆ ಯಾರೂ ಹೇಳಲಿಲ್ಲ. ಕೆಂಪು ಗಟ್ಟಿ ಅಂತ ಹಾಕಿಸಿದ್ದು. ಬದಲಾಯಿಸಲೇಬೇಕಾ?

ಫಿಸಿಯೋ_ಮೈಸೂರು:
ಬದಲಾಯಿಸಿ. ಕೆಂಪು ಕ್ಲೀಟಿನಲ್ಲಿ ಪಾದಕ್ಕೆ ತಿರುಗುವ ಅವಕಾಶ ಸೊನ್ನೆ, ನೀಲಿಯಲ್ಲಿ 2 ಡಿಗ್ರಿ, ಹಳದಿಯಲ್ಲಿ 6. ಕೋನ ಒಂಚೂರು ತಪ್ಪಿದ್ದರೂ ಕೆಂಪಿನಲ್ಲಿ ಪಾದ ಕದಲಲ್ಲ, ತಿರುಚು ಪೂರ್ತಿ ಮಂಡಿಗೇ ಬೀಳುತ್ತೆ. ಹಳದಿ ಹಾಕಿ. ಎತ್ತರದ ಮೇಜಿನ ಮೇಲೆ ಕೂತು ಕಾಲು ಸಡಿಲವಾಗಿ ಇಳಿಬಿಟ್ಟಾಗ ಪಾದ ಯಾವ ಕಡೆ ನೋಡುತ್ತೋ, ಕ್ಲೀಟೂ ಆ ಕಡೆಗೇ ಇರಲಿ. ಎರಡೂ ಪಾದ ಒಂದೇ ಥರ ಇರಬೇಕು ಅಂತೇನಿಲ್ಲ.

ಸೀಟಿನಷ್ಟೇ ದೊಡ್ಡ ತಪ್ಪು ಒಂದೇ ವಾರದಲ್ಲಿ 90ರಿಂದ 150ಕ್ಕೆ ಹಾರಿದ್ದು. ಹೃದಯ, ಶ್ವಾಸಕೋಶ ಬೇಗ ಪಳಗುತ್ತೆ, ಮಂಡಿಯ ಸ್ನಾಯುರಜ್ಜು ನಿಧಾನ. ಎರಡು ವಾರ ಬೆಟ್ಟ ಬಿಡಿ, 20 ಕಿ.ಮೀ. ಒಳಗೆ ಹಗುರ ಗೇರಿನಲ್ಲಿ ಓಡಿಸಿ. ನೋವು ಹತ್ತರಲ್ಲಿ ಮೂರು ದಾಟಿದರೆ ಅಲ್ಲೇ ವಾಪಸ್ ತಿರುಗಿ. ಆಮೇಲೆ ವಾರಕ್ಕೆ ಹತ್ತನೇ ಒಂದು ಭಾಗದಷ್ಟು ಮಾತ್ರ ಏರಿಸಿ. ಜೊತೆಗೆ ದಿನ ಬಿಟ್ಟು ದಿನ, 15 ಸೆಂ.ಮೀ. ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ಮೂರು ಎಣಿಸುತ್ತ ಇಳಿಯೋದು, ಹತ್ತು ಸಲ, ಮೂರು ಸುತ್ತು. ಮಂಡಿ ಒಳಕ್ಕೆ ವಾಲದ ಹಾಗೆ ಕನ್ನಡಿ ಮುಂದೆ ಮಾಡಿ.

ಊತ ಬಂದರೆ, ಮಂಡಿ ಸಿಕ್ಕಿಕೊಂಡ ಹಾಗಾದರೆ, ನಡೆಯುವಾಗ ಕುಸಿದರೆ, ರಾತ್ರಿ ನೋವಿಗೆ ಎಚ್ಚರವಾದರೆ ಸೀಟು ತಿರುಗಿಸುತ್ತ ಕೂರಬೇಡಿ, ನೇರ ಮೂಳೆ ವೈದ್ಯರ ಹತ್ತಿರ ಹೋಗಿ.

ಕಡ್ಡಿಚಕ್ರ:
ಕ್ಲೀಟನ್ನೂ ಸೀಟನ್ನೂ ಒಂದೇ ದಿನ ಮುಟ್ಟಬೇಡಿ, ಯಾವುದರಿಂದ ವಾಸಿಯಾಯ್ತು ಅಂತ ಗೊತ್ತಾಗಲ್ಲ. ಸೀಟಿನಿಂದ ಶುರು ಅಂದಿದ್ದೆ, ಈಗ ಅದನ್ನು ಬದಲಿಸ್ತೀನಿ: ಮೊದಲು ಹಳದಿ ಕ್ಲೀಟ್, ಎರಡು ಸವಾರಿ ಆದಮೇಲೆ ಸೀಟು.