ಅಮ್ಮನ ಜೀನ್ ರಿಪೋರ್ಟ್ ಅಕ್ಕನಿಗೆ ಕಳಿಸಬೇಕು, ಆದರೆ ಮನೆಯಲ್ಲಿ ಎರಡು ರಿಪೋರ್ಟ್ ಇವೆ

ಅಡಿಕೆತೋಟ:
ನಮಸ್ಕಾರ. ನಾನು ಸಾಗರದ ಕಡೆಯವನು. ಅಮ್ಮನಿಗೆ 61 ವರ್ಷ. ಹೋದ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್, ಕೀಮೋ ಎಲ್ಲ ಮುಗಿದಿದೆ. ಕೂದಲು ಬರುತ್ತಿದೆ, ನನ್ನನ್ನು ಬೈಯುವಷ್ಟು ಶಕ್ತಿಯೂ ಬಂದಿದೆ. ಬೆಂಗಳೂರಿನಲ್ಲಿ ಜೀನ್ ಟೆಸ್ಟ್ ಮಾಡಿಸಿದೆವು. ಬಿಆರ್‌ಸಿಎ1 ಜೀನ್‌ನಲ್ಲಿ ದೋಷ ಇದೆಯಂತೆ.

ಅಕ್ಕ ಇರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಅವಳಿಗೆ 38. ಅಮ್ಮನ ರಿಪೋರ್ಟ್ ತಂದರೆ ಅವಳ ಜೀನ್‌ನಲ್ಲೂ ಅದೇ ಜಾಗ ನೋಡಿ ಹೇಳುತ್ತೇವೆ ಅಂತ ಅಲ್ಲಿನ ಡಾಕ್ಟರು ಹೇಳಿದ್ದಾರೆ. ನಾನು ವಾಟ್ಸಾಪ್‌ನಲ್ಲಿ ಕಳಿಸಲು ಹೊರಟಿದ್ದೆ. ಅಷ್ಟರಲ್ಲಿ ಮುಂಬೈಯಿಂದ ಚಿಕ್ಕಮ್ಮನ ಮಗ ಒಂದು ಹಳೆಯ ಕಾಗದದ ಫೋಟೊ ಕಳಿಸಿದ. 2011ರದ್ದು. ಚಿಕ್ಕಮ್ಮನಿಗೆ ಆಗ ಕ್ಯಾನ್ಸರ್ ಆಗಿದ್ದು ನಮಗೆಲ್ಲ ಗೊತ್ತು. ಜೀನ್ ಟೆಸ್ಟ್ ಮಾಡಿಸಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕಿತ್ತಲ್ಲ, ಮುಚ್ಚಿಟ್ಟಿದ್ದರು. 'ಒಂದು ಮಾತು ಹೇಳಿದ್ದರೆ ನಾನು ಮುಂಚೆಯೇ ತೋರಿಸಿಕೊಳ್ಳುತ್ತಿದ್ದೆ' ಅಂತ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ನನ್ನ ಗೊಂದಲ. ಚಿಕ್ಕಮ್ಮನ ಕಾಗದದಲ್ಲಿ '185ಡೆಲ್‌ಎಜಿ' ಅಂತ ಇದೆ. ಅಮ್ಮನದರಲ್ಲಿ 'ಸಿ.68_69ಡೆಲ್'. ಒಂದೇ ಮನೆಯಲ್ಲಿ ಎರಡು ದೋಷವಾ? ಯಾವುದನ್ನು ಕಳಿಸಲಿ? ಲ್ಯಾಬಿನವರು 'ಪೂರ್ತಿ ಡೇಟಾ ಬೇಕಾದರೆ ಹಾರ್ಡ್ ಡಿಸ್ಕ್ ತನ್ನಿ' ಅಂತಲೂ ಅಂದರು. ಅದೂ ಬೇಕಾ? ಇನ್ನೊಂದು, ಹೆಸರು ತೆಗೆದು ಸಂಶೋಧನೆಗೆ ಕೊಡಬಹುದಾ ಅಂತ ಒಂದು ಫಾರ್ಮ್ ಇದೆ. ಅಮ್ಮ ಇನ್ನೂ ಟಿಕ್ ಹಾಕಿಲ್ಲ.

ಪಿಪೆಟ್:
ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಾಬರಿ ಬೇಡ, ಎರಡೂ ಒಂದೇ! 'ಡೆಲ್' ಅಂದರೆ ಡಿಎನ್‌ಎಯ ಅಕ್ಷರಗಳು ಬಿದ್ದುಹೋಗಿವೆ ಅಂತ, ನಂಬರ್ ಅಂದರೆ ಎಷ್ಟನೇ ಅಕ್ಷರ ಅಂತ. ಹಳೆಯ ಪದ್ಧತಿಯಲ್ಲಿ ಜೀನ್‌ನ ಪ್ರತಿಯ (ಪ್ರೋಟೀನ್ ಮಾಡಲು ಜೀವಕೋಶ ತೆಗೆದುಕೊಳ್ಳುವ ನಕಲು) ಮೊದಲ ಅಕ್ಷರದಿಂದ ಎಣಿಸುತ್ತಿದ್ದರು. ಈಗ ಪ್ರೋಟೀನ್ ಶುರುವಾಗುವ ಜಾಗದಿಂದ ಎಣಿಸುತ್ತಾರೆ. ಜೊತೆಗೆ ಅಲ್ಲಿ 'ಎಜಿಎಜಿ' ಅಂತ ಎರಡು ಜೋಡಿ ಒಟ್ಟಿಗೆ ಇವೆ. ಬಿದ್ದುಹೋದದ್ದು ಯಾವ ಜೋಡಿ ಅಂತ ಹೇಳಲು ಬರುವುದಿಲ್ಲ. ಹೊಸ ನಿಯಮದಲ್ಲಿ ಕೊನೆಯದು ಬಿದ್ದಿದೆ ಅಂತಲೇ ಬರೆಯಬೇಕು. ಹಾಗಾಗಿ 185 ಇದ್ದದ್ದು 68 ಆಯಿತು. ಇದು ಯಹೂದಿಗಳಲ್ಲಿ ಜಾಸ್ತಿ ಕಾಣುವ ದೋಷ, ನಮ್ಮ ದೇಶದಲ್ಲೂ ಸಿಕ್ಕಿದೆ.

ಇನ್ನೊಂದು ತಮಾಷೆ. ಅದೇ ಜಾಗಕ್ಕೆ 2009ರ ಜೀನೋಮ್ (ಮನುಷ್ಯನ ಪೂರ್ತಿ ಡಿಎನ್‌ಎ) ನಕ್ಷೆಯಲ್ಲಿ 17ನೇ ಕ್ರೋಮೋಸೋಮಿನ 4 ಕೋಟಿ 12 ಲಕ್ಷದ ಆಚೀಚೆಯ ನಂಬರ್. 2013ರ ನಕ್ಷೆಯಲ್ಲಿ 4 ಕೋಟಿ 31 ಲಕ್ಷ ದಾಟುತ್ತದೆ. ಇಂದಿಗೂ ಎರಡೂ ನಕ್ಷೆ ಬಳಕೆಯಲ್ಲಿವೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದಾಗ ಎಡವುವುದು ಹೆಚ್ಚಾಗಿ ಇಂಥ ಕಡೆಯೇ. ಆದ್ದರಿಂದ ರಿಪೋರ್ಟಿನಲ್ಲಿ ಜೀನ್ ಹೆಸರು, ಎನ್‌ಎಂ_007294 ಅನ್ನುವ ಪ್ರತಿಯ ನಂಬರ್, ಯಾವ ನಕ್ಷೆ, ದೋಷ ಖಚಿತವಾ ಅನುಮಾನವಾ, ಇಷ್ಟು ಇದೆಯಾ ನೋಡಿ. ಇಲ್ಲದಿದ್ದರೆ ಲ್ಯಾಬಿನಿಂದ ಬರೆಸಿಕೊಳ್ಳಿ.

ಹಾರ್ಡ್ ಡಿಸ್ಕ್ ಅಕ್ಕನ ಡಾಕ್ಟರಿಗೆ ಬೇಡ, ಅವರು ತೆರೆಯುವುದೂ ಇಲ್ಲ. ಆದರೆ ನೀವು ಒಂದು ಪ್ರತಿ ತಂದಿಟ್ಟುಕೊಳ್ಳಿ. ಲ್ಯಾಬ್ ಎಷ್ಟು ವರ್ಷ ಇಟ್ಟುಕೊಂಡಿರುತ್ತದೆ ಅಂತ ಕೇಳಿ ಬನ್ನಿ.

ಸಮಾಲೋಚಕಿ:
ದಯವಿಟ್ಟು ವಾಟ್ಸಾಪ್ ಫೋಟೊ ಬೇಡ. ಲ್ಯಾಬ್ ಕೊಟ್ಟ ಮೂಲ ಪಿಡಿಎಫ್, ಜೊತೆಗೆ 'ಮಗಳ ಡಾಕ್ಟರಿಗೆ ಕೊಡಲು ಒಪ್ಪಿಗೆ ಇದೆ' ಅಂತ ಅಮ್ಮನ ಸಹಿ ಇರುವ ಒಂದು ಪತ್ರ. ಅಷ್ಟು ಸಾಕು. ಚಿಕ್ಕಮ್ಮನ ಕಾಗದವನ್ನು ಅವರನ್ನು ಕೇಳದೆ ಎಲ್ಲಿಗೂ ಕಳಿಸಬೇಡಿ. ಅದರ ಅಗತ್ಯವೂ ಇಲ್ಲ.

ಮತ್ತೆ, ನೀವು ಅಕ್ಕನ ಬಗ್ಗೆ ಮಾತ್ರ ಬರೆದಿದ್ದೀರಿ. ನಿಮ್ಮದೇನು? ಈ ದೋಷ ಗಂಡುಮಕ್ಕಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮಿಂದ ನಿಮ್ಮ ಮಕ್ಕಳಿಗೂ ಹೋಗಬಹುದು. ಮಕ್ಕಳಿಗೆ ಈಗಲೇ ಟೆಸ್ಟ್ ಬೇಡ. 18 ದಾಟಿದ ಮೇಲೆ ಅವರೇ ತೀರ್ಮಾನಿಸಲಿ.

ಸಂಶಯಪ್ಪ:
ಟಿಕ್ ಹಾಕುವ ಮುಂಚೆ ಯೋಚಿಸಿ. ಹೆಸರು ತೆಗೆದರೂ ಜೀನೋಮ್ ಅನ್ನುವುದೇ ಗುರುತು. ಪಾಸ್‌ವರ್ಡ್ ಥರ ಬದಲಾಯಿಸಲು ಆಗುವುದಿಲ್ಲ. ಯುರೋಪಿನ ಕಾನೂನು ಜೀನ್ ಮಾಹಿತಿಯನ್ನು ಬೇರೆಯಾಗಿ ಹೆಸರಿಸಿ ಕಾಪಾಡುತ್ತದೆ. ನಮ್ಮ 2023ರ ಡೇಟಾ ಕಾಯ್ದೆಯಲ್ಲಿ ಅದಕ್ಕೆ ಬೇರೆ ವಿಭಾಗವೇ ಇಲ್ಲ. ಫೋನ್ ನಂಬರೂ ಒಂದೇ, ಜೀನೂ ಒಂದೇ.

ಪಿಪೆಟ್:
ಸಂಶಯ ಸರಿ. ಆದರೆ ಕೊಡದೇ ಇದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. ಅಮೆರಿಕದ ಮಿರಿಯಡ್ ಕಂಪನಿ ಬಿಆರ್‌ಸಿಎ ಜೀನ್‌ಗಳ ಮೇಲೆ ಪೇಟೆಂಟ್ ಇಟ್ಟುಕೊಂಡಿತ್ತು. ಸಹಜವಾಗಿ ಇರುವ ಜೀನ್ ಮೇಲೆ ಪೇಟೆಂಟ್ ಇಲ್ಲ ಅಂತ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅಷ್ಟು ವರ್ಷ ಕೂಡಿಸಿದ ದೋಷಗಳ ಪಟ್ಟಿಯನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತು. ಬೇರೆ ಲ್ಯಾಬುಗಳು ಕ್ಲಿನ್‌ವಾರ್ ಅನ್ನುವ, ಎಲ್ಲರೂ ನೋಡಬಹುದಾದ ಪಟ್ಟಿಗೆ ಒಂದೊಂದಾಗಿ ಸೇರಿಸಬೇಕಾಯಿತು. ಆ ಪಟ್ಟಿಯಲ್ಲಿ ನಮ್ಮವರು ಕಡಿಮೆ. ಹಾಗಾಗಿ ನಮ್ಮ ರಿಪೋರ್ಟುಗಳಲ್ಲಿ 'ಅರ್ಥ ಗೊತ್ತಿಲ್ಲ' ಅನ್ನುವ ಸಾಲು ಜಾಸ್ತಿ. ಜೀನೋಮ್ ಇಂಡಿಯಾ ಅನ್ನುವ ಸರ್ಕಾರದ ಯೋಜನೆಯಲ್ಲಿ 10,000 ಜನರ ಜೀನೋಮ್ ಓದಿದ್ದು ಈ ಕೊರತೆ ನೀಗಿಸಲೇ. ಆ ಡೇಟಾ ಫರೀದಾಬಾದಿನಲ್ಲಿದೆ, 2025ರ ಜನವರಿಯಿಂದ ಸಂಶೋಧಕರು ಅರ್ಜಿ ಹಾಕಿ ಕೇಳಬಹುದು. ಫಾರ್ಮಿನಲ್ಲಿ ನೋಡಬೇಕಾದ್ದು ಇದು: ಡೇಟಾ ಯಾರ ಬಳಿ ಇರುತ್ತದೆ, ಬೇಡ ಅಂದಾಗ ವಾಪಸ್ ಪಡೆಯಬಹುದಾ.

ಅಡಿಕೆತೋಟ:
ಎಲ್ಲರಿಗೂ ಧನ್ಯವಾದ. ಲ್ಯಾಬಿನವರು ನಕ್ಷೆಯ ಹೆಸರು ಬಿಟ್ಟಿದ್ದರು. ಹೊಸ ಪ್ರತಿ ಬರೆಸಿಕೊಂಡೆ, ಅಕ್ಕನಿಗೆ ಹೋಗಿದೆ. ಫಾರ್ಮನ್ನು ಓದಿ ಹೇಳಿದೆ. ವಾಪಸ್ ಪಡೆಯುವ ಸಾಲು ಇತ್ತು. 'ಹೆಸರು ತೆಗೆದರೂ ರಕ್ತ ನಂದೇ ಅಲ್ವಾ' ಅಂತ ಗೊಣಗಿಕೊಂಡೇ ಅಮ್ಮ ಟಿಕ್ ಹಾಕಿದರು. ನನ್ನ ರಕ್ತ ಟೆಸ್ಟಿಗೆ ಬುಧವಾರ ಕೊಡುತ್ತೇನೆ. ನಿಜ ಹೇಳಬೇಕೆಂದರೆ ಇದು ಹೆಂಗಸರ ವಿಷಯ ಅಂದುಕೊಂಡಿದ್ದೆ. ಮಗಳಿಗೆ 9 ವರ್ಷ.

ನಿನ್ನೆ ಸಂಜೆ ಅಮ್ಮನೇ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಅರ್ಧ ಗಂಟೆ ಹಲಸಿನ ಹಪ್ಪಳದ ಮಾತು. ಕಾಗದದ ಸುದ್ದಿ ಬಂದದ್ದು ಕೊನೆಯ ಎರಡು ನಿಮಿಷದಲ್ಲಿ.